ಪ್ಲೇಟ್‌ಲೆಟ್‌ಗೆ ಬರ್ಫ ಹಾಕಿದ ಮಾಸ್ತರ

ಮೊಬೈಲು ಇನ್ನೂ ದೊಡ್ಡವರ ಕಿಸೆಯಲ್ಲಷ್ಟೇ ಇದ್ದ ಕಾಲ. ಇಳಕಲ್ಲಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ರಕ್ತದ ಪಾಠವೆಂದರೆ ನನಗೆ ನೀರು ಕುಡಿದಷ್ಟು ಸುಲಭ! ಡೆಂಗಿ ಜ್ವರದಲ್ಲಿ ಹೆಂಡತಿ ಶಾರದೆಯ ಪ್ಲೇಟ್‌ಲೆಟ್ ಪಾತಾಳಕ್ಕಿಳಿದು ವಸಡಿನಿಂದ ರಕ್ತ ಬರತೊಡಗಿತು. "ಬಾಗಲಕೋಟಿಯಿಂದ ಒಂದು ಚೀಲ ಪ್ಲೇಟ್‌ಲೆಟ್ ತರಬೇಕ್ರಿ" ಅಂದರು ಆಸ್ಪತ್ರೆಯ ಡಾಕ್ಟರು. ಗತ್ತಿನಿಂದ ಎದ್ದೆ.

ಪಕ್ಕದ ಮನೆಯ ನೇಕಾರ ಈರಣ್ಣ, "ನಾನೂ ಬರ್ತೇನ್ರಿ ಮಾಸ್ತರ್ರ" ಅಂದ.

"ಇದು ಸೈನ್ಸಿನ ವಿಷಯ ಈರಣ್ಣ. ನೀ ಇಲ್ಲೇ ಅಕ್ಕಾರ ಕಡೆ ಕೂಡು."

ರಕ್ತನಿಧಿಯಲ್ಲಿ ಚೀಲ ಕೊಟ್ಟ ನರ್ಸಬಾಯಿ, "ಸರ, ಇದನ್ನ..." ಎಂದು ಏನೋ ಹೇಳಹೊರಟಳು. "ನಾ ಲೆಕ್ಚರರ್ ಅದೇನ್ರಿ" ಎಂದು ಬಾಯಿ ಮುಚ್ಚಿಸಿದೆ. ರಕ್ತ ಕೆಡಬಾರದಲ್ಲ! ಥರ್ಮಾಕೋಲ್ ಡಬ್ಬಿಯಲ್ಲಿ ಬರ್ಫದ ಗಡ್ಡೆ ತುಂಬಿ ಚೀಲ ಹೂತಿಟ್ಟೆ. ಹುನಗುಂದದಲ್ಲಿ ಬಸ್ಸು ನಿಂತಾಗ ಇನ್ನಷ್ಟು ಸುರಿದೆ. ಕುಲ್ಫಿಗೂ ಇಂಥ ಉಪಚಾರ ಸಿಕ್ಕಿರಲಿಕ್ಕಿಲ್ಲ.

ಡಾಕ್ಟರು ಡಬ್ಬಿ ತೆರೆದರು. "ಬರ್ಫ ಯಾರು ಹಾಕಿದ್ರಿ?"

"ನಾನೇ!" ಎಂದೆ, ಸನ್ಮಾನ ಸ್ವೀಕರಿಸುವವನಂತೆ.

"ಕೆಲಸ ಕೆಡಿಸಿದ್ರಿ ಸರ. ಪ್ಲೇಟ್‌ಲೆಟ್ ಮೈಮ್ಯಾಲೆ ಗ್ರಾಹಕ ಇರ್ತಾವು, ಗಾಯಕ್ಕ ಹಿಡಕೊಳ್ಳಾಕ. ಅವು ಅತಿ ಆಗಬಾರದಂತ ಕಿಣ್ವಗಳು ಕತ್ತರಿ ಹಂಗ ಆಗಾಗ ಕತ್ತರಿಸಿ ಹದದಾಗ ಇಡ್ತಾವು. ಥಂಡಿ ಹತ್ತಿತಂದ್ರ ಆ ಕತ್ತರಿಗೆ ಹದಾನ ಇರೂದಿಲ್ಲ, ಸಿಕ್ಕಿದ್ದೆಲ್ಲಾ ಕತ್ತರಿಸಿಬಿಡ್ತೈತಿ."

"ಗ್ರಾಹಕ ಅಂದ್ರ ಗಿರಾಕಿ ಏನ್ರಿ? ಗಿರಾಕಿನ್ನ ಯಾಕ ಕತ್ತರಿಸ್ತಾವ್ರಿ?" ಈರಣ್ಣ ಗಾಬರಿಯಾದ.

ಡಾಕ್ಟರು ಬೆರಳಿಗೆ ಬೆರಳು ಸಿಕ್ಕಿಸಿ ತೋರಿಸಿದರು.

"ಕೊಂಡಿ ಅನ್ರಲಾ! ಸೀರಿ ಒಡಲಿಗೆ ಸೆರಗು ಕೂಡಸಾಕ ನಾವು ಎಳಿಗೆ ಎಳಿ ಕೊಂಡಿ ಹಾಕ್ತೇವಿ. ಅದನ್ನ ಕತ್ತರಿಸಿದ್ರ ಸೆರಗು ಎಲ್ಲಿ ನಿಲ್ತೈತ್ರಿ?" ಅಂದ ಈರಣ್ಣ.

ನಾನು ವರ್ಷಗಟ್ಟಲೆ ಕಲಿಸಿದ್ದು ಅವನಿಗೆ ಅರ್ಧ ನಿಮಿಷದಲ್ಲಿ ತಿಳಿದಿತ್ತು. ಶಾರದೆಯ ತುಟಿಯ ಅಂಚಿನಲ್ಲಿ ಮತ್ತೆ ರಕ್ತ ಕಂಡು, ಇನ್ನೊಂದು ಚೀಲ ತರಲು ನಾನು ಡಬ್ಬಿ ಎತ್ತಿಕೊಂಡೆ. ಈರಣ್ಣ ಅದನ್ನು ಕೆಳಗಿಡಿಸಿದ. "ನೀವು ಕೂಡ್ರಿ ಮಾಸ್ತರ್ರ, ನಾ ಹೋಗ್ತೇನಿ" ಅಂದವನೇ ಬಸ್ಸು ಹತ್ತಿದ.

ಬರ್ಫ ಮುಟ್ಟಿಸದೆ ಅಲುಗಾಡಿಸುತ್ತಿರಬೇಕೆಂದು ನರ್ಸಬಾಯಿ ಹೇಳಿದ್ದನ್ನು ಎರಡೆರಡು ಸಲ ಕೇಳಿಕೊಂಡನಂತೆ. ಚೀಲವನ್ನು ಅರಿವೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟು, ದಾರಿಯುದ್ದಕ್ಕೂ ಮೆಲ್ಲಗೆ ತೂಗುತ್ತ ತಂದ. ಕೂಸೆಂದು ತಿಳಿದು ಯಾರೋ ಸೀಟು ಬಿಟ್ಟುಕೊಟ್ಟರಂತೆ! ಆ ಪುಣ್ಯಾತ್ಮರಿಗೂ ನನ್ನ ನಮಸ್ಕಾರ.

ಮರುದಿನ ರಕ್ತ ನಿಂತಿತು. ಈರಣ್ಣನ ಎರಡೂ ಕೈ ಹಿಡಿದು ಅತ್ತುಬಿಟ್ಟೆ. ಅವನನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ.

ಮನೆಗೆ ಬಂದ ಮೇಲೆ ಶಾರದೆ ಕೇಳಿದಳು: "ಈರಣ್ಣ ನನ್ನ ಜೀವಾ ಉಳಿಸಿದ. ನೀವೇನ್ ಮಾಡಿದ್ರಿ?"

"ನಾನೂ ಉಳಿಸೇನಿ" ಅಂದೆ. "ಎರಡನೇ ಸಲ ನಾ ಹೋಗ್ಲಿಲ್ಲ!"