ನಕ್ಷತ್ರದ ಮನೆಗೆ ಪೈಪ್ ಎಳೆದದ್ದು

ನೆಟ್ಟಗೆ ಮನೆ ಕಟ್ಟಿಸೋರು ಅರಸೀಕೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೊಟ್ಟ ಗೋಡೆಯವರು ಮಾತ್ರ ಹುಡುಕಿಕೊಂಡು ನನ್ನ ಟೇಬಲ್ಲಿಗೇ ಬರ್ತಾರೆ. ಇಂಜಿನಿಯರ್ ಆಫೀಸಿನಲ್ಲಿ ನನ್ನ ಕೆಲಸ ಇಷ್ಟೇ: ಕಂಪ್ಯೂಟರಿನಲ್ಲಿ ಮನೆಗೆ ಪೈಪು ಎಳೆಯೋದು. ಎಷ್ಟು ಅಡಿ ಪೈಪು, ಮೂಲೆಯಲ್ಲಿ ಪೈಪು ತಿರುಗಿಸೋಕೆ ಎಷ್ಟು ಎಲ್ಬೋ ಬೇಕು ಅಂತ ಪಟ್ಟಿ ಅದೇ ಕೊಡುತ್ತೆ.

ಮಾದಿಹಳ್ಳಿಯ ರಿಟೈರ್ಡ್ ಹೆಡ್‌ಮಾಸ್ಟರೊಬ್ಬರಿಗೆ ಹಳೇಬೀಡಿನ ಗುಡಿ ಥರಾನೇ ನಕ್ಷತ್ರದಾಕಾರದ ಮನೆ ಬೇಕಾಯ್ತು. ನಡುವೆ ಹಜಾರ, ಸುತ್ತ ಒಂದೇ ಅಳತೆಯ ಎಂಟು ಕೋಣೆ. ನಮ್ಮ ಸಾರ್ ಮೊದಲೇ ಹೇಳಿಬಿಟ್ಟರು, "ಇದ್ರಲ್ಲಿ ಎಡವಟ್ಟಾದ್ರೆ ನೀನು ವಾಪಸ್ ಜೆರಾಕ್ಸ್ ಮಿಷನ್‌ಗೆ." ಮೂರು ವರ್ಷ ಆ ಮಿಷನ್ನಿನ ಬಿಸಿ ತಿಂದಿದ್ದೆ ನಾನು.

ಡೈರಿಗೆ ನೀರು

ನನ್ನ ಸಾಫ್ಟ್‌ವೇರಿಗೆ ನೇರ ಗೆರೆ ಅಂದ್ರೆ ಪ್ರಾಣ. ಇಪ್ಪತ್ತೆರಡೂವರೆ ಡಿಗ್ರಿ ತಿರುಗು ಮಾರಾಯ ಅಂದ್ರೆ, ಪೈಪು ಗೋಡೆ ತೂರಿ, ರಸ್ತೆ ದಾಟಿ, ಎದುರಿನ ಹಾಲಿನ ಡೈರಿ ಒಳಗೆ ಹೋಗಿ ನಿಂತಿತು. ನಾನು ನೋಡದೇ ಪ್ರಿಂಟ್ ಕೊಟ್ಟೆ.

ಹೆಡ್‌ಮಾಸ್ಟರು ಕನ್ನಡಕ ಏರಿಸಿ ನೋಡಿದರು. "ಡೈರಿಗ್ಯಾಕಮ್ಮ ನೀರು? ಹಾಲು ಹಾಕೋರು ಮನೇಲೇ ಸೇರಿಸ್ಕೊಂಡು ಬರ್ತಾರಲ್ಲ!"

ಹುಟ್ಟದ ಎಲ್ಬೋ

ತಿದ್ದಿದೆ. ಈ ಸಲ ಪಟ್ಟಿಯಲ್ಲಿ ಇಪ್ಪತ್ತೆರಡೂವರೆ ಡಿಗ್ರಿ ಎಲ್ಬೋ ಅರವತ್ತು ಬಂತು. ಅರಸೀಕೆರೆ ಅಂಗಡಿಯವರು ಪಟ್ಟಿ ನೋಡಿ ಕೈ ಮುಗಿದರು. "ಇಂಥದ್ದು ಇನ್ನೂ ಹುಟ್ಟೇ ಇಲ್ಲ ಕಣಮ್ಮ."

ಕಣಕಟ್ಟೆಯ ಪ್ಲಂಬರಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ತೆಂಗಿನ ಮಟ್ಟೆಗೆ ಬೆಂಕಿ ಹಾಕಿ, ಪೈಪು ಕಾಯಿಸಿ, ಮೊಣಕಾಲಿಗಿಟ್ಟು ಬಗ್ಗಿಸಿಯೇಬಿಟ್ಟ.

"ಡಿಗ್ರಿ ಎಷ್ಟಣ್ಣಾ?" ಅಂದೆ.

"ನನ್ ಮಂಡಿ ಎಷ್ಟೈತೋ ಅಷ್ಟು!"

ತಿರುಗಿದ ಮನೆ

ಗೃಹಪ್ರವೇಶಕ್ಕೆ ನಾಲ್ಕೇ ದಿನ. ಸಾರ್ ಜೊತೆ ನೋಡೋಕೆ ಹೋದೆ. ಮುಂಬಾಗಿಲು ದಾಟಿದರೆ ಹೆಡ್‌ಮಾಸ್ಟರು ಕುರ್ಚಿ ಹಾಕಿಕೊಂಡು ಕೂರಬೇಕಾದ ಕೋಣೆ. ಅಲ್ಲಿ ಅಡುಗೆಮನೆಯ ಸಿಂಕು, ನಲ್ಲಿ! ಹಿತ್ತಲ ಕಡೆಯ ಅಡುಗೆಮನೆ ಖಾಲಿ ಖಾಲಿ. ಇಡೀ ಮನೆಯ ಪೈಪು ಹಿಂದುಮುಂದಾಗಿತ್ತು.

ಪ್ಲಂಬರಣ್ಣ ಆಣೆ ಮಾಡಿದ. "ಹಜಾರದಲ್ಲಿ ನೆಲದ ಮೇಲೆ ನಕ್ಷೆ ಹಾಸಿ, ನಾಲ್ಕು ಕಲ್ಲಿಟ್ಟಿದ್ದೆ. ಅದ್ರಲ್ಲಿ ಹೆಂಗೈತೋ ಹಂಗೇ ಮಾಡಿವ್ನಿ ಸಾರ್. ಎಲ್ಲಾ ಕ್ವಾಣೆನೂ ಒಂದೇ ಥರ ಅವೆ, ಎಲ್ಲಾ ಸರಿಯಾಗೇ ಕೂತ್ಕೊಂಡ್ವು!"

ಸಾರ್ ನನ್ನ ಕಡೆ ತಿರುಗಿದರು. "ನಾಳೆಯಿಂದ ಜೆರಾಕ್ಸ್." ನನಗೆ ಅಳುವೇ ಬಂತು.

ಅಷ್ಟರಲ್ಲಿ ಹೆಡ್‌ಮಾಸ್ಟರ ಹೆಂಡತಿ ಕಾಫಿ ಲೋಟ ಹಿಡಿದುಕೊಂಡು ಬಂದರು. "ಆ ಹುಡುಗೀನ ಯಾಕ್ರೀ ಬೈತೀರಿ? ಪ್ಲಂಬರು ಊಟಕ್ಕೆ ಹೋಗಿದ್ದಾಗ ಹಾಳೆ ತಿರುಗಿಸಿ ಕಲ್ಲಿಟ್ಟಿದ್ದು ನಾನು. ಮೂವತ್ತು ವರ್ಷ ಹಿತ್ತಲು ನೋಡ್ಕೊಂಡು ಮುದ್ದೆ ಕಟ್ಟಿದ್ದೀನಿ. ಇನ್ಮೇಲೆ ಬಸ್ಸು ನೋಡ್ಕೊಂಡು ಕಟ್ತೀನಿ."

ಸಾರ್ ಜೆರಾಕ್ಸ್ ಮಾತು ಬಿಟ್ಟು ಕಾಫಿ ಲೋಟಕ್ಕೆ ಕೈ ಚಾಚಿದರು. ನನ್ನ ಕೆಲಸ ಉಳಿಯಿತು.

ಹೆಡ್‌ಮಾಸ್ಟರು ಮೆಲ್ಲಗೆ ಕೇಳಿದರು, "ಮತ್ತೆ ನನ್ನ ಕುರ್ಚಿ?"

"ಹಿತ್ತಲ ಕಡೆ ಹಾಕಿಸಿದ್ದೀನಿ. ಕಿಟಕೀಲಿ ಕೊಟ್ಟಿಗೆ ಕಾಣುತ್ತೆ. ಎಮ್ಮೆಗಳಿಗೆ ಪಾಠ ಮಾಡಿ, ಎದುರು ಮಾತಾಡಲ್ಲ!"