ಮಾವನ ಬಟ್ಟಲು

ನನ್ನ ಮಾವನವರು ನಮ್ಮ ಮನೆಗೆ ಬಂದು ಠಿಕಾಣಿ ಹೂಡಿದ್ದು ಅವರು ತೀರಿಕೊಂಡ ಆರು ತಿಂಗಳ ಮೇಲೆ. ಬದುಕಿದ್ದಾಗ ಹೆಚ್ಚು ಬಂದವರಲ್ಲ. ಬಂದರೂ ಮಗಳ ಮನೆಯಲ್ಲಿ ಎರಡು ಹೊತ್ತಿಗಿಂತ ಹೆಚ್ಚು ಉಣ್ಣಬಾರದೆಂಬ ಸಂಕೋಚದ ಮನುಷ್ಯ. ಸತ್ತ ಮೇಲೆ ಆ ಸಂಕೋಚವೆಲ್ಲ ಬಿಟ್ಟುಹೋಗಿ, ಜಗಲಿಯ ತೊಲೆಗೆ ನೇತುಹಾಕಿದ ಪಂಜರದಲ್ಲಿ ಕೂತು ಬೆಳಗಿನಿಂದ ದೀಪ ಹಚ್ಚುವವರೆಗೆ ಒಂದೇ ಸಮನೆ ಉಣ್ಣುತ್ತಿದ್ದರು. ನಾನು ಶಾನುಭೋಗ. ಸುತ್ತಲ ಹಳ್ಳಿಗಳ ಲೆಕ್ಕವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸುವವನು. ಆದರೆ ನನ್ನ ಮನೆಯ ತುಪ್ಪ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವ ಅಧಿಕಾರ ನನಗಿರಲಿಲ್ಲ.

ಗಾಬರಿಯಾಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಂಡತಿ ಶೇಷಮ್ಮನ ತವರು ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿನ ಮಗ್ಗುಲ ಹಳ್ಳಿ. ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಆ ಕಾಡಿನ ಮಂಗಗಳು ಮರದಿಂದ ಉದುರಿ ಸತ್ತವು. ಅವುಗಳ ಹಿಂದೆಯೇ ಸೌದೆಗೂ ಸೊಪ್ಪಿಗೂ ಹೋದ ಜನ ಜ್ವರ ಬಂದು ಮಲಗಿದರು. ಮಾವನೂ ಮಲಗಿದರು. ಜ್ವರದವರಿಗೆ ಅನ್ನ ಹಾಕಬಾರದೆಂಬುದು ಆ ಮನೆಯ ಕಟ್ಟಳೆ. (ನಮ್ಮ ಮನೆಯದೂ ಹೌದು. ನಿಮ್ಮ ಮನೆಯದೂ ಇದ್ದೀತು.) ಶೇಷಮ್ಮ ಹೋಗಿ ತಲೆದೆಸೆಯಲ್ಲಿ ಕೂತು ಗಂಜಿಯ ತಿಳಿ ಕುಡಿಸಿದಳು. ಒಂದು ತುತ್ತು ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಕೊಡೆಂದು ಮಾವ ಕೇಳಿದರಂತೆ. ಜ್ವರ ಬಿಡಲಿ ಅಪ್ಪಾ ಎಂದಳಂತೆ. ಜ್ವರ ಬಿಡಲಿಲ್ಲ. ಅವರೇ ನಮ್ಮನ್ನು ಬಿಟ್ಟು ಹೋದರು.

ಕರ್ಮದ ದಿನ ಪಿಂಡ ಇಟ್ಟರೆ ಕಾಗೆ ಬರಲಿಲ್ಲ. ಬಾಳೆಲೆಯ ಮೇಲೆ ಅನ್ನ ಒಣಗತೊಡಗಿತು. ಪುರೋಹಿತರು ಕಾಕಾ ಎಂದು ಕೂಗಿ ಗಂಟಲು ಕಟ್ಟಿಸಿಕೊಂಡರು. ತೀರಿಕೊಂಡವರಿಗೆ ಏನೇನು ಆಸೆ ಉಳಿದಿರಬಹುದೋ ಅದನ್ನೆಲ್ಲ ನಡೆಸಿಕೊಡುತ್ತೇವೆಂದು ಮಕ್ಕಳು ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಟ್ಟರು. ಆದರೆ ಕಾಗೆಗಳಿಗೆ ನಮ್ಮ ಅನ್ನ ಯಾಕೆ ಬೇಕು? ಆ ವರ್ಷ ಅವಕ್ಕೆ ಕಾಡಿನೊಳಗೇ ಸಮಾರಾಧನೆ ನಡೆದಿತ್ತು, ಮರದ ಬುಡಕ್ಕೊಂದು ಮಂಗ. ಇದನ್ನು ನಾನು ಸಮಾಧಾನಕ್ಕೆಂದು ಹೆಂಡತಿಗೆ ಬಿಡಿಸಿ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಕೊನೆಗೆ ಪಿಂಡವನ್ನು ಹಸುವಿಗೆ ಕೊಟ್ಟು ಎಲ್ಲರೂ ಎದ್ದರು. ಶೇಷಮ್ಮ ಮಾತ್ರ ಎದ್ದ ಹಾಗೆ ನನಗೆ ಕಾಣಲಿಲ್ಲ. ಶಿರಾಳಕೊಪ್ಪದ ನಮ್ಮ ಮನೆಗೆ ಬಂದ ಮೇಲೂ ಎರಡು ತುತ್ತು ತಿಂದು ಕೈ ತೊಳೆಯುವಳು. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ಏನು ಕೇಳಿದರೂ ಅಪ್ಪ ಹಸಿದು ಹೋದರು ಎನ್ನುವುದೊಂದೇ ಮಾತು.

ಇಂಥ ಹೊತ್ತಿನಲ್ಲಿ ಇನಾಯತ್ ಉಲ್ಲಾ ಸಾಹೇಬರು ಬೊಂಬಾಯಿಗೆ ಹೋಗಿ ಬಂದರು. ಅವರು ನಮ್ಮೂರಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರು, ನನಗೆ ಬೇಕಾದವರು. ತಂದ ಜೋಡಿ ಹಕ್ಕಿಗಳಲ್ಲಿ ಒಂದು ರೈಲಿನಲ್ಲೇ ಸತ್ತಿತ್ತು. ಉಳಿದ ಒಂದನ್ನು ಪಂಜರದ ಸಮೇತ ನನಗೆ ಕೊಟ್ಟರು. (ಅವರ ಪಹಣಿಯ ಕೆಲಸವೊಂದು ನನ್ನ ಹತ್ತಿರ ಇದ್ದದ್ದು ನಿಜ. ಹಾಗೆಂದು ಇದು ಲಂಚವಲ್ಲ. ಲಂಚಕ್ಕೆ ರೆಕ್ಕೆ ಇರುವುದಿಲ್ಲ, ಅದು ಜಗಲಿಯಲ್ಲಿ ಕೂತು ಕೂಗುವುದೂ ಇಲ್ಲ.) ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಹಸಿರು ಗಿಣಿ. ಹಳದಿ ಮುಖ, ಬೆನ್ನ ಮೇಲೆ ಕರೀ ಗೆರೆ. ಇದಕ್ಕೆ ಲವ್ ಬರ್ಡ್ ಅಂತಾರೆ ನೋಡ್ರಿ ಎಂದು ಸಾಹೇಬರು ಹೇಳಿದರು. ಆ ಹೆಸರು ನಮ್ಮಂಥವರ ಮನೆಗೆ ಸರಿಹೋಗದೆಂದು ನಾನು ಅದನ್ನು ಬೊಂಬಾಯಿ ಗಿಣಿ ಎಂದು ದಾಖಲು ಮಾಡಿದೆ. ದಿನಕ್ಕೆ ಒಂದೆರಡು ಚಮಚ ನವಣೆ ಹಾಕಿದರೆ ಆಯಿತು ಎಂದಿದ್ದರು.

ಮಹಾಲಯ ಅಮಾವಾಸ್ಯೆ ಬಂತು. ಶೇಷಮ್ಮ ಅಪ್ಪನ ಹೆಸರಿನಲ್ಲಿ ಅನ್ನ, ವಡೆ, ಪಾಯಸ, ಉಪ್ಪಿನಕಾಯಿ ಎಲ್ಲವನ್ನೂ ಎಲೆಗೆ ಬಡಿಸಿ ಜಗಲಿಕಟ್ಟೆಯ ಮೇಲಿಟ್ಟಳು. ತೊಳೆದ ಪಂಜರ ಒಣಗಲೆಂದು ನಾನು ಅದನ್ನೂ ಅದೇ ಕಟ್ಟೆಯ ಮೇಲೆ ಇಟ್ಟಿದ್ದೆ. ಬಿಸಿಲು ಏರಿತು, ಕಾಗೆಯ ಸುಳಿವಿಲ್ಲ. ಶೇಷಮ್ಮ ಬಾಗಿಲ ಹಿಂದೆ ನಿಂತು ನೋಡುತ್ತಲೇ ಇದ್ದಳು. ಆಗ ನಮ್ಮ ಗಿಣಿ ಸರಳುಗಳ ನಡುವೆ ತಲೆ ತೂರಿಸಿ, ಎಲೆಯ ಅಂಚಿನ ಅನ್ನವನ್ನು ಹೆಕ್ಕಿ ತಿಂದಿತು. ತಿಂದು ತಲೆ ವಾರೆ ಮಾಡಿ ಅವಳನ್ನು ನೋಡಿತು. ಸಾರಿಗೆ ಉಪ್ಪು ಕಡಿಮೆಯಾದಾಗ ಮಾವನವರೂ ಹಾಗೆಯೇ ನೋಡುತ್ತಿದ್ದರು.

ಶೇಷಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಅಪ್ಪ ಬಂದರು, ಉಂಡರು ಎಂದಳು. ಅಪ್ಪ ಸತ್ತ ದಿನದಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಆದ್ದರಿಂದ ಇದು ಗಿಣಿ, ಅನ್ನ ಕಂಡರೆ ಯಾವ ಗಿಣಿಯೂ ತಿನ್ನುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಆ ದಿನ ಹೊಟ್ಟೆತುಂಬ ಉಂಡಳು. ನಾನೂ ಮನಸ್ಸಿನಲ್ಲೇ ಗಿಣಿಗೆ ಒಂದು ನಮಸ್ಕಾರ ಹಾಕಿದೆ.

ಮಾರನೆಯ ದಿನದಿಂದ ಮಾವನವರ ಸೇವೆ ಸಾಂಗವಾಗಿ ಶುರುವಾಯಿತು. ಬೆಳಿಗ್ಗೆ ನೆನೆಸಿದ ಕಡಲೆಬೇಳೆ. ಆಮೇಲೆ ತುಪ್ಪ ಕಲಸಿದ ಅನ್ನ. ಮಧ್ಯಾಹ್ನ ಶೇಂಗಾ, ಸಂಜೆಗೆ ಕೊಬ್ಬರಿ ತುರಿ, ಹಬ್ಬ ಬಂದರೆ ಹೋಳಿಗೆಯ ಹೂರಣ, ಇದರ ಸಂದುಗಳಲ್ಲಿ ನವಣೆ. ಪಕ್ಕದ ಮನೆಯ ಲೋಕಮ್ಮ ದರ್ಶನಕ್ಕೆ ಬಂದವಳು ಬರಿಗೈಯಲ್ಲಿ ಬರಬಾರದೆಂದು ಎಳ್ಳುಂಡೆ ತಂದಳು. ಗಿಣಿಯೂ ಯಾವುದಕ್ಕೂ ಇಲ್ಲವೆನ್ನಲಿಲ್ಲ. ಪಾಪ, ಅದಕ್ಕೆ ಬೇರೆ ಏನು ಕೆಲಸವಿತ್ತು? ಜೊತೆಯದು ಸತ್ತಿತ್ತು, ಹಾರಲು ಜಾಗವಿರಲಿಲ್ಲ. ಹೊತ್ತು ಹೋಗಲಿಕ್ಕೆ ತಿನ್ನುವುದೊಂದೇ ದಾರಿ. (ಇದು ನನಗೆ ಈಗ ಹೊಳೆಯುತ್ತದೆ. ಆಗ ನನ್ನ ಗಮನವೆಲ್ಲ ತುಪ್ಪದ ಮೇಲಿತ್ತು.)

“ಗಿಣಿ ತುಪ್ಪ ತಿನ್ನೂದನ್ನ ಎಲ್ಲಾದ್ರೂ ಕೇಳಿದೀಯೇನೇ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಅಪ್ಪ ತಿಂತಿದ್ರಲ್ರೀ,” ಎಂದಳು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ದೀಪಾವಳಿ ಕಳೆಯುವ ಹೊತ್ತಿಗೆ ಮಾವನವರು ನಿಂಬೆಹಣ್ಣಿಗೆ ಕೊಕ್ಕು ಸಿಕ್ಕಿಸಿದ ಹಾಗೆ ಆಗಿದ್ದರು. ಕೋಲಿನ ಮೇಲೆ ಕೂತರೆ ಹೊಟ್ಟೆ ಕೋಲಿನ ಎರಡೂ ಕಡೆ ಇಳಿಯುತ್ತಿತ್ತು. ಕೂಗುವುದು ನಿಂತು ಏದುಸಿರು ಮಾತ್ರ ಉಳಿಯಿತು. ಒಂದು ಬೆಳಿಗ್ಗೆ ಕೋಲಿನಿಂದ ದೊಪ್ಪನೆ ಬಿದ್ದು, ಕೊಕ್ಕು ತೆರೆದುಕೊಂಡು ಮೇಲೇಳಲಾಗದೆ ಮಲಗಿಬಿಟ್ಟರು. ನಾನು ಪಂಜರವನ್ನು ಪಂಚೆಯಲ್ಲಿ ಮುಚ್ಚಿಕೊಂಡು ದನದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಹೊಟ್ಟೆಯುಬ್ಬರಿಸಿದ ಎಮ್ಮೆಗೆ ಮದ್ದು ಕುಡಿಸುತ್ತಿದ್ದರು. ಕೈ ಒರೆಸಿಕೊಂಡು ಬಂದು, ಗಿಣಿಯನ್ನು ಹಿಡಿದು ಎದೆ ಹೊಟ್ಟೆ ಒತ್ತಿ ನೋಡಿದರು. ಒಳಗೆಲ್ಲ ಬರೀ ಕೊಬ್ಬು ಎಂದರು. ಎಣ್ಣೆ ತುಪ್ಪದ ಪದಾರ್ಥ ಪೂರ್ತಿ ನಿಲ್ಲಿಸಿ ನವಣೆಯನ್ನಷ್ಟೇ ಅಳತೆಯಲ್ಲಿ ಹಾಕಬೇಕು, ಇಲ್ಲವಾದರೆ ಹೆಚ್ಚು ದಿನ ಬದುಕುವುದಿಲ್ಲ ಎಂದು ಹೇಳಿ ಎಮ್ಮೆಯ ಹತ್ತಿರ ಹೋದರು.

ಮನೆಗೆ ಬಂದು ಶೇಷಮ್ಮನಿಗೆ ಇದನ್ನು ಹೇಳಿದೆ. ಅವಳು ಕೊಬ್ಬರಿ ತುರಿಯುವುದನ್ನು ನಿಲ್ಲಿಸಿದಳು.

“ಅವತ್ತೂ ಎಲ್ರೂ ಒಳ್ಳೇದಕ್ಕೇ ಹೇಳಿದ್ದು. ಅನ್ನ ಕೊಡ್ಬೇಡ ಅಂತ,” ಎಂದಳು. “ಇನ್ನೊಂದ್ಸಲ ಅಪ್ಪಂಗೆ ಇಲ್ಲ ಅನ್ನೂದು ನನ್ನ ಕೈಲಿ ಆಗೂದಿಲ್ಲ ಕಣ್ರೀ.”

ನನ್ನ ಪರಿಸ್ಥಿತಿಯನ್ನು ನೀವೇ ನೋಡಿ. ತಿನ್ನಿಸಿದರೆ ಗಿಣಿ ಸಾಯುತ್ತದೆ. ತಿನ್ನಿಸದಿದ್ದರೆ ಶೇಷಮ್ಮ ಮತ್ತೆ ಎಲೆಯ ಮುಂದಿನಿಂದ ಏಳುತ್ತಾಳೆ, ಈ ಸಲ ಆ ಎರಡು ತುತ್ತೂ ತಿನ್ನಲಾರಳು. ಗಿಣಿ ಹೋದರೆ ಸಾಹೇಬರಿಗೆ ಹೇಳಿ ಇನ್ನೊಂದನ್ನು ತರಿಸಬಹುದು. ಹೆಂಡತಿಯನ್ನು ಎಲ್ಲಿಂದ ತರಿಸಲಿ? ತಮಾಷೆಗೆ ಹೇಳುತ್ತಿಲ್ಲ. ಜಾರುವ ಆ ಬಳೆಗಳನ್ನು ನೆನೆದರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಹೆದರಿಕೆಯಲ್ಲಿ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ಗದ್ದೆಯ ಬದುವಿನ ಮೇಲೆ ನಿಂತು ಪೈರನ್ನು ಒಂದು ಸಲ ನೋಡಿ, ಈ ವರ್ಷ ಬೆಳೆ ಹದಿನಾರಾಣೆಗೆ ಇಷ್ಟಾಣೆ ಎಂದು ಹೇಳಿಬಿಡುವುದರಲ್ಲಿ ನನ್ನ ಕಣ್ಣಿಗೆ ಸರಿಸಾಟಿ ಇಲ್ಲವೆಂದು ನಾನೇ ನಾಲ್ಕು ಜನರ ಹತ್ತಿರ ಹೇಳಿಕೊಂಡಿದ್ದೇನೆ. ಇಳಿದು ತೆನೆ ಮುಟ್ಟಿದವನಲ್ಲ. ಪಂಚೆ ಕೆಸರಾಗುತ್ತದೆ. ತುಂಬಿದ್ದು ಯಾವುದು, ಜೊಳ್ಳು ಯಾವುದು ಎಂದು ದೂರದಿಂದಲೇ ತಿಳಿಯುವ ಕಣ್ಣು ಇದು. ಆ ಕಣ್ಣಿನ ಭರವಸೆಯ ಮೇಲೆ ಶೇಷಮ್ಮನ ಮುಂದೆ ಒಂದು ಒಪ್ಪಂದ ಇಟ್ಟೆ.

ದೊಡ್ಡ ಹಿತ್ತಾಳೆ ಬಟ್ಟಲಿನ ಅಂಚಿನವರೆಗೆ ನವಣೆ ತುಂಬಿಸಿ ಅಪ್ಪನ ಮುಂದೆ ಇಡುವುದು. ಬೇಕೆಂದಾಗ ಬೇಕಾದಷ್ಟು ಉಣ್ಣಲಿ. ಯಾರೂ ಇಲ್ಲವೆನ್ನುವುದಿಲ್ಲ. ಬಟ್ಟಲು ಇಳಿದ ತಕ್ಷಣ ಮತ್ತೆ ತುಂಬುವುದು ನನ್ನ ಹೊಣೆ. ಆದರೆ ಬಟ್ಟಲಿಗೆ ಕೈ ಹಾಕುವವನು ನಾನೊಬ್ಬನೇ, ಬೇರೆ ಯಾವ ಪದಾರ್ಥವೂ ಪಂಜರದ ಒಳಗೆ ಹೋಗಕೂಡದು. ತುಂಬಿದ ಬಟ್ಟಲು ಮುಂದಿದ್ದರೆ ಅದು ಉಪವಾಸವಲ್ಲ ಎಂದು ಶೇಷಮ್ಮನಿಗೂ ಅನ್ನಿಸಿತು. ಬಟ್ಟಲು ಒಂದು ಗಳಿಗೆಯೂ ಬರಿದಾಗಬಾರದೆಂದು ದೇವರ ದೀಪದ ಮುಂದೆ ನನ್ನಿಂದ ಮಾತು ತೆಗೆದುಕೊಂಡಳು.

ಯೋಜನೆ ಫಲಿಸಿತು. ಮೊದಲು ಗಿಣಿ ಕೊಬ್ಬರಿಗಾಗಿ ಕಿರುಚಿ ರಂಪ ಮಾಡಿತು, ಆಮೇಲೆ ಬೇರೆ ದಾರಿಯಿಲ್ಲದೆ ನವಣೆಗೆ ಬಾಯಿ ಹಾಕಿತು. ದಿನ ಕಳೆದ ಹಾಗೆ ಹೊಟ್ಟೆ ಇಳಿಯಿತು, ಏದುಸಿರು ನಿಂತಿತು, ಸರಳು ಹಿಡಿದು ಮೇಲೆ ಕೆಳಗೆ ಹತ್ತಿ ಇಳಿಯತೊಡಗಿತು. ಎಲ್ಲಕ್ಕಿಂತ ದೊಡ್ಡ ಪವಾಡವೆಂದರೆ ಬಟ್ಟಲು ಇಳಿಯಲೇ ಇಲ್ಲ. ನಾನು ಬೆಳಿಗ್ಗೆ ಸಂಜೆ ಜಗಲಿಯಲ್ಲಿ ನಿಂತು ಕಣ್ಣಳತೆ ಮಾಡುತ್ತಿದ್ದೆ. ಅಂಚಿನವರೆಗೆ ಹಳದಿ. ಗಿಣಿ ಕೆದಕಿ ಹೊರಗೆ ಚೆಲ್ಲಿದ್ದನ್ನೂ ನಾನು ವ್ಯರ್ಥವಾಗಬಾರದೆಂದು ಗುಡಿಸಿ, ಬಾಚಿ, ಬಟ್ಟಲಿಗೇ ಹಾಕುತ್ತಿದ್ದೆ. ಸಂಯಮ ಕಲಿತ ಹಕ್ಕಿಯನ್ನು ನೋಡಬೇಕಾದರೆ ನಮ್ಮ ಮನೆಗೆ ಬನ್ನಿ ಎಂದು ಸಾಹೇಬರಿಗೂ ಹೇಳಿ ಬಂದೆ.

ಶೇಷಮ್ಮ ಪಂಜರದ ಮುಂದೆ ಕೂತು ಆ ತುಂಬಿದ ಬಟ್ಟಲನ್ನು ನೋಡುವಳು.

“ಅಪ್ಪಂಗೆ ತೃಪ್ತಿ ಆಯ್ತು ಕಾಣ್ತದೆ,” ಎಂದಳು ಒಂದು ದಿನ. “ಉಳಿಸ್ತಾರೆ ನೋಡಿ. ಹಸಿದವರು ಉಳಿಸೂದಿಲ್ಲ.”

ಆ ಮಧ್ಯಾಹ್ನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ನಡುಮನೆಯಲ್ಲಿ ಸೆರಗು ಹಾಸಿಕೊಂಡು ನಿದ್ದೆ ಹೋದಳು. ಅವಳ ಮುಖ ನೋಡುತ್ತಾ ಕೂತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಂಡತಿಗೆ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಇದು ಎಂದು ಹೆಮ್ಮೆಯಾಯಿತು.

ಆಮೇಲಿನ ದಿನಗಳಲ್ಲಿ ಗಿಣಿ ಕೊಕ್ಕಿನಿಂದ ಬಟ್ಟಲನ್ನು ಟಣಟಣ ಕುಟ್ಟತೊಡಗಿತು. ಇದೇನ್ರೀ ಎಂದು ಶೇಷಮ್ಮ ಕೇಳಿದಳು. ಊಟವಾದ ಮೇಲೆ ಅಪ್ಪ ಘಂಟೆ ಬಾರಿಸಿ ಪೂಜೆ ಮಾಡುತ್ತಿದ್ದಾರೆ ಎಂದೆ. ಅವಳು ನಕ್ಕಳು. ಆಮೇಲೆ ಕುಟ್ಟುವುದು ನಿಂತಿತು. ಗಿಣಿ ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿತು. ಜಪಕ್ಕೆ ಕೂತಿದ್ದಾರೆ ಎಂದೆ. ಮರುದಿನ ಬೆಳಿಗ್ಗೆ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಎತ್ತಿಕೊಂಡರೆ ಕೈಯಲ್ಲಿ ಏನೂ ಇದ್ದ ಹಾಗೆ ಇರಲಿಲ್ಲ.

ಶೇಷಮ್ಮ ಕೂಗಾಡಲಿಲ್ಲ. ಕಣ್ಣೊರೆಸಿಕೊಂಡು, ಅಪ್ಪ ಬೇಕಾದಷ್ಟು ಉಂಡು ತೃಪ್ತಿಯಿಂದ ಹೋದರು, ನನಗೆ ಇನ್ನೇನೂ ಕೊರಗಿಲ್ಲ ಎಂದಳು. ನಾನು ಹಿತ್ತಿಲಲ್ಲಿ ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆ. ಅಪ್ಪ ಉಳಿಸಿ ಹೋದದ್ದನ್ನು ಗೋಡೆಯ ಮೇಲೆ ಹಾಕಿದರೆ ಈಗಲಾದರೂ ಕಾಗೆ ಮುಟ್ಟೀತು ಎಂದು ಅವಳು ಪಂಜರದಿಂದ ಬಟ್ಟಲನ್ನು ತೆಗೆದಳು. ಬಟ್ಟಲನ್ನು ಕೈಯಲ್ಲಿ ಒಂದೆರಡು ಸಲ ಎತ್ತಿ ಇಳಿಸಿ ನೋಡಿದಳು. ನನ್ನನ್ನು ನೋಡಿದಳು.

ಒಳಗೆ ಹೋಗಿ ಮೊರ ತಂದಳು. ಬಟ್ಟಲನ್ನು ಮೊರಕ್ಕೆ ಸುರಿದು ಒಂದು ಸಲ ಕೇರಿದಳು. ಒಂದೇ ಸಲ. ಬಟ್ಟಲಿನ ಅಂಚಿನವರೆಗೆ ತುಂಬಿದ್ದದ್ದು ಪೂರ್ತಿಯಾಗಿ ಗಾಳಿಗೆ ಹಾರಿ ಗೋಡೆಯಾಚೆ ಹೋಯಿತು. ಮೊರದಲ್ಲಿ ಉಳಿದದ್ದು ಒಂದಿಷ್ಟು ಹಿಕ್ಕೆ, ಒಂದು ಹಸಿರು ಗರಿ. ಈ ಜಾತಿಯ ಗಿಣಿ ಒಂದೊಂದು ಕಾಳನ್ನೂ ಕೊಕ್ಕಿನಲ್ಲಿ ಸುಲಿದು, ಒಳಗಿನದನ್ನು ತಿಂದು, ಹೊಟ್ಟನ್ನು ಬಟ್ಟಲಲ್ಲೇ ಬಿಡುತ್ತದೆ. ನಾನು ಬೆಳಿಗ್ಗೆ ಸಂಜೆ ಅಳೆದದ್ದು ಆ ಹೊಟ್ಟನ್ನು. ಗುಡಿಸಿ ಬಾಚಿ ಮತ್ತೆ ತುಂಬಿದ್ದೂ ಅದನ್ನೇ.

ದೂರದಿಂದ ನೋಡಿದರೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದೆ. ಶೇಷಮ್ಮ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮೊರವನ್ನು ಗೋಡೆಗೆ ಒರಗಿಸಿ, ಸ್ನಾನ ಮಾಡಿ, ಅಡುಗೆ ಮುಗಿಸಿ, ನನಗೆ ಎಲೆ ಹಾಕಿದಳು.

ಬಡಿಸಿದಳು, ಉಂಡೆ. ಮತ್ತೆ ಬಡಿಸಿದಳು, ಉಂಡೆ. ಮತ್ತೂ ಸೌಟು ಬಗ್ಗಿಸಿದಾಗ ಎಲೆಗೆ ಕೈ ಅಡ್ಡ ಹಿಡಿದು ಸಾಕು ಎಂದೆ.

“ಸಾಕೋ ಬೇಕೋ ಅನ್ನೂದನ್ನ ಇನ್ಮೇಲೆ ನೀವು ಹೇಳೂದು ಬೇಡ,” ಎಂದಳು. “ನಿಮಗದು ಕಾಣ್ಸೂದಿಲ್ಲ.”

ಕೈ ತೆಗೆದೆ.

ಇದಾಗಿ ಎರಡು ವರ್ಷದ ಮೇಲಾಯಿತು. ಅವಳು ಈಗ ಹೊತ್ತುಹೊತ್ತಿಗೆ ಉಣ್ಣುತ್ತಾಳೆ, ಆದರೆ ನನ್ನದು ಮುಗಿದ ಮೇಲೆ. ನನ್ನ ಅಂಗಿಯ ಗುಂಡಿ ಹಾಕಿದರೆ ಉಸಿರು ಬಿಡಲಾಗುವುದಿಲ್ಲ, ಬಿಟ್ಟರೆ ಗುಂಡಿ ಇರುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಹಿಂದಿನವರು ತಳ್ಳಬೇಕು. ಬದುವಿನ ಮೇಲೆ ನನ್ನನ್ನು ಕಂಡರೆ ರೈತರು ಈ ವರ್ಷ ಬೆಳೆ ಚೆನ್ನಾಗಿದೆ ಎಂದು ನಗುತ್ತಾರೆ. ಊಟದ ಹೊತ್ತಿಗೆ ಶೇಷಮ್ಮ ಸೌಟು ಹಿಡಿದು ನನ್ನ ಎಲೆಯ ಪಕ್ಕದಲ್ಲಿ ನಿಲ್ಲುತ್ತಾಳೆ. ನನಗೆ ಹೊಟ್ಟೆ ತುಂಬಿತೆಂದು ಅವಳಿಗೆ ಅನ್ನಿಸುವವರೆಗೆ ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.