ಆಟದೊಳಗೂ ಹರಿಯುವ ನೂಲು

ಊರಿನವರೆಲ್ಲ ಕೆಲಸ ಮರೆಯಲು ಆಟ ಆಡುತ್ತಾರೆ. ಆಟ ಆಡಲು ಕೂತವರಿಂದಲೂ ಬೆವರಿಳಿಯುವಂತೆ ಕೆಲಸ ತೆಗೆಯುವ ಮಹಾನುಭಾವರು ಇಡೀ ಕೊಯಮತ್ತೂರಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಅಕ್ಕನ ಗಂಡ! ಮನೆಯಲ್ಲಿ ಕನ್ನಡ ಆಡಿದರೂ ಅವರಿಗೆ ಓದಲು ಬರುವುದು ತಮಿಳು ಮಾತ್ರ. ಹಠ ಹಿಡಿದು ಕನ್ನಡ ಅಕ್ಷರ ಕಲಿತವಳು ನಾನೊಬ್ಬಳೇ. ಆ ಧೈರ್ಯದಿಂದಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಭಾವ ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಇದ್ದಾರೆ. ಒಮ್ಮೆ ಕಾರು ರೇಸಿನ ಆಟ ಮಾಡಲು ಹೇಳಿದರು. ಇವರು ದಾರಿಯ ನಡುವೆ ಒಂದು ರೈಲ್ವೆ ಗೇಟ್ ಇಟ್ಟರು. ಗೇಟ್ ಬಿದ್ದರೆ ರೇಸಿನ ಕಾರುಗಳೆಲ್ಲ ಸಾಲಾಗಿ ನಿಲ್ಲಬೇಕು. ಕಡಲೆಕಾಯಿ ಮಾರುವವನೊಬ್ಬ ಬಂದು ಕಿಟಕಿ ತಟ್ಟುತ್ತಾನೆ. ಗೂಡ್ಸ್ ರೈಲು, ಅದೂ ಸಾವಕಾಶವಾಗಿ, ಹೋಗುತ್ತದೆ. ಮೇಲಧಿಕಾರಿ ತಲೆ ಹಿಡಿದುಕೊಂಡರಂತೆ.

"ಸಾರ್, ಇದು ರೇಸಾ?"

"ರೇಸ್ ಆದ್ರೇನು ಸಾರ್, ಗೇಟ್ ಗೇಟ್‌ದಾನೇ!"

ಗೇಟನ್ನು ಕಿತ್ತು ಹಾಕಿದರು. ಆ ದುಃಖಕ್ಕೆ ಭಾವ ಆರ್.ಎಸ್. ಪುರಂನ ಮನೆಯಲ್ಲೇ ತಮ್ಮದೇ ಆಟವೊಂದನ್ನು ಮಾಡಲು ಕೂತರು. ಅವರದು ನೆಗಮಂ ಎಂಬ ಊರಿನ ನೇಕಾರರ ಮನೆ. ಆದ್ದರಿಂದ ಆಟವೂ ಮಗ್ಗದ್ದೇ. ಮಗಳ ಮದುವೆಯ ಮುಹೂರ್ತದೊಳಗೆ ತಾಯಿಯೊಬ್ಬಳು ಸೀರೆ ನೆಯ್ದು ಮುಗಿಸಬೇಕು, ಅಷ್ಟೇ ಕಥೆ. ಕೇಳಲು ಎಷ್ಟು ಸುಲಭ!

ಮೊದಲ ಬಲಿ ನಾನು, ಭಾವ ಮುದ್ದಿಗೆ ಕಣ್ಣು ಎಂದು ಕರೆಯುವ ನಾದಿನಿ. ಹಾಸಿನ ನೂಲಿಗೆ ಅವರ ಕಡೆ ಪಾವು ಎನ್ನುತ್ತಾರೆ. ಅದನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಬಿಸಿಲೇರುವ ಮುಂಚೆ ಒಣಗಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಇಡೀ ಬೀದಿ ಬಂದು ಕೈಹಾಕಬೇಕು. ನಾನು ಆಟದೊಳಗೆ ಮನೆಮನೆಯ ಬಾಗಿಲು ತಟ್ಟಿದೆ. ಒಂದು ನರಪಿಳ್ಳೆಯೂ ಹೊರಬರಲಿಲ್ಲ!

"ಭಾವ, ನಿಮ್ಮ ಆಟ ಕೆಟ್ಟೋಗಿದೆ."

"ಆಟ ಸರಿಯಾಗೇ ಇದೆ ಕಣ್ಣು. ನೀನು ಆಗಲೇ ಪಕ್ಕದ ಮನೆ ಕಿವಿ ಚುಚ್ಚೋ ಶಾಸ್ತ್ರಕ್ಕೆ ಹೋಗಿದ್ಯಾ?"

"ಅದೇನೋ ಕರೆದ್ರು, ಮುಂದೆ ಅಂತ ಒತ್ತಿಬಿಟ್ಟೆ."

"ಹಂಗೇ ಅವ್ರೂ ಮುಂದೆ ಅಂತ ಒತ್ತಿದ್ರು!"

ಎರಡನೇ ಸಲ ಬೀದಿಯ ಅಷ್ಟೂ ಶುಭಕಾರ್ಯಗಳಿಗೆ ಹೋಗಿ, ಅಷ್ಟೂ ಮನೆಗಳಲ್ಲಿ ಕಾಫಿ ಕುಡಿದೆ. ಎಲ್ಲರೂ ಬಂದರು, ಪಾವು ಬಿಗಿಯಾಯಿತು, ಗಂಜಿ ಹಚ್ಚಿದ್ದಾಯಿತು. ಆಗ ಮಳೆ ಬಂತು! ಮೂರನೇ ಸಲ ಹೇಗೋ ಮಗ್ಗಕ್ಕೆ ಕೂತರೆ, ಲಾಳಿ ನಾಲ್ಕು ಸಲ ಓಡಾಡುವುದರೊಳಗೆ ನೂಲು ಹರಿಯಿತು. ಕಟ್ಟಿದೆ. ಇನ್ನೊಂದು ಹರಿಯಿತು. ಸೋತೆ.

"ಎಲ್ಲಾ ಆಟದಲ್ಲೂ ಮೂರು ಜೀವ ಕೊಡ್ತಾರೆ ಭಾವ."

"ನೇಕಾರನಿಗೆ ಯಾರು ಮೂರು ಜೀವ ಕೊಟ್ಟವ್ರೆ?"

ಅಕ್ಕನೂ ಬೇಡಿಕೊಂಡಳು. ಕುಕ್ಕರ್ ಕೂಗಿದಾಗಲಾದರೂ ನೂಲು ಹರಿಯದ ಹಾಗೆ ಮಾಡಿ ಎಂದಳು. ಆಗುವುದಿಲ್ಲ ಎಂದರು. ಆಟವನ್ನು ಕೊಳ್ಳಲು ಬಂದವರೊಬ್ಬರು, "ರೊಂಬ ಕಷ್ಟಮಾ ಇರುಕ್ಕು ಸಾರ್, ಸ್ವಲ್ಪ ಸುಲಭ ಮಾಡಿ," ಎಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದರು. "ನೂಲು ಹರೀದೇ ಇದ್ರೆ ಏನು ಕಥೆ? ಹರಿದಾಗ ತಾನೇ ಕಥೆ ಶುರು!" ಎಂಬುದು ಭಾವನ ವೇದವಾಕ್ಯ. ಕಟ್ಟಿಕೊಂಡ ಹೆಂಡತಿಗೇ ಒಂದು ನೂಲು ಬಿಟ್ಟುಕೊಡದ ಈ ಮನುಷ್ಯನಿಗೆ ಏನು ಹೇಳುತ್ತೀರಿ?

ಹೀಗಿರುವಾಗ ನೆಗಮಂನಿಂದ ಭಾವನ ಅಮ್ಮ ಬಂದರು. ನಾನು ಅವರನ್ನು ಅತ್ತೆ ಎನ್ನುತ್ತೇನೆ. ಜನ್ಮವೆಲ್ಲ ಮಗ್ಗದಲ್ಲಿ ಕೂತವರು. ಈಚೆಗೆ ಕೈನಡುಕ ಬಂದು, ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು ಎದ್ದಿದ್ದರು. ಉಳಿದರ್ಧವನ್ನು ಕಿರಿಯ ಮಗ ನೆಯ್ದ. ಅದೊಂದು ಕೊರಗು ಅವರಿಗೆ. "ಕಡೇ ಸೀಲೆ ನಾನು ಮುಗಿಸ್ಲಿಲ್ಲ," ಎಂದು ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದಾಗೆಲ್ಲ ಹೇಳುತ್ತಿದ್ದರು.

ಭಾವ ಟ್ಯಾಬ್ಲೆಟ್ ತಂದು ಅವರ ಮಡಿಲಲ್ಲಿಟ್ಟರು.

"ಇದರಲ್ಲಿ ನೆಯ್ದ್ರೆ ಕೂಲಿ ಯಾರು ಕೊಡ್ತಾರೆ?" ಎಂದರು ಅತ್ತೆ.

"ಕೂಲಿ ಇಲ್ಲಮ್ಮ, ಇದು ಆಟ."

"ಕೂಲಿ ಇಲ್ದೆ ನೇಯಕ್ಕೆ ನಂಗೇನು ಪೈತ್ಯವಾ?"

ಹಾಗೆಂದವರು ಆಗಲೇ ಕನ್ನಡಕ ಹಾಕಿಕೊಂಡಿದ್ದರು! ಮನೆಮನೆಗೆ ಹೋಗುವ ಭಾಗ ಅವರಿಗೆ ನೀರು ಕುಡಿದಷ್ಟು ಸುಲಭವಾಯಿತು. ಕರೆಯದ ಮನೆಗೂ ಹೋಗಿ ಬಂದರು. ಇಡೀ ಬೀದಿ ಬಂದು ಪಾವಿಗೆ ನಿಂತಿತು. ತೊಡಕು ಬಂದದ್ದು ಮಗ್ಗದಲ್ಲಿ. ನೂಲು ಹರಿದ ಕೂಡಲೇ ಅತ್ತೆ ಬೆರಳನ್ನು ನಾಲಗೆಗೆ ತಾಗಿಸಿಕೊಂಡರು. ಕೈಬಾಯಿ ಸೇರದೆ ಯಾವ ನೇಕಾರ ನೂಲು ಹೊಸೆದಾನು? ಒದ್ದೆ ಬೆರಳು ತಗುಲಿ ಪರದೆ ಹುಚ್ಚೆದ್ದಿತು. ಜೊತೆಗೆ ಕೈನಡುಕ. ಅತ್ತ ಒಂದು, ಇತ್ತ ಎರಡು, ನೂಲೆಲ್ಲ ಹರಿಯತೊಡಗಿತು. ನಾನೂ ಅಕ್ಕನೂ ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆಯ ಮುಖ ನೋಡಿ ನಗು ನಿಂತಿತು.

"ಬಿಡು ತಂಬಿ. ಇಲ್ಲೂ ನಂಗೆ ಮುಗ್ಸಕ್ಕೆ ಆಗಲ್ಲ," ಎಂದು ಮಗನಿಗೆ ಹೇಳಿ ಟ್ಯಾಬ್ಲೆಟ್ಟನ್ನು ಪಕ್ಕಕ್ಕಿಟ್ಟು, ಹುಣಸೆಹಣ್ಣು ಬಿಡಿಸಲು ಒಳಗೆ ಹೋದರು.

ಭಾವ ಕಂಪನಿಗೆ ರಜೆ ಹಾಕಿ ಕೋಣೆ ಸೇರಿದರು. ಮರುವಾರ ಬಲವಂತ ಮಾಡಿ ಮತ್ತೆ ಅಮ್ಮನನ್ನು ಆಟಕ್ಕೆ ಕೂರಿಸಿದರು. ಆಶ್ಚರ್ಯವೆಂದರೆ, ಈ ಸಲ ಒಂದು ಎಳೆಯೂ ಹರಿಯಲಿಲ್ಲ! ಸೆರಗೂ ಮುಗಿಯಿತು, ಮುಹೂರ್ತಕ್ಕೂ ಸಿಕ್ಕಿತು. ಅತ್ತೆ ಸೀರೆಯನ್ನೇ ನೋಡುತ್ತಾ ಕೂತರು. ಅಂತೂ ಆಟ ಸುಲಭವಾಯಿತು ಎಂದು ನಾನು ಕಿತ್ತುಕೊಂಡು ಆಡಿದೆ. ಲಾಳಿ ನಾಲ್ಕು ಸಲ ಓಡಾಡುವುದರೊಳಗೆ ನೂಲು ಹರಿಯಿತು!

ಭಾವನನ್ನು ಹಿತ್ತಲಿಗೆ ಎಳೆದೊಯ್ದು ದಬಾಯಿಸಿದೆ. "ಏನು ಭಾವ ಇದು ಮೋಸ?"

"ಮೆಲ್ಲಗೆ ಮಾತಾಡು! ಒದ್ದೆ ಬೆರಳು ತಾಕಿದ್ರೂ ಇನ್ನು ಪರದೆ ಹುಚ್ಚೇಳಲ್ಲ, ಕೈ ನಡುಗಿದ್ರೆ ನೂಲು ಹರಿಯಲ್ಲ, ಹಂಗೆ ಮಾಡಿದೀನಿ."

"ಮತ್ತೆ ನಿಮ್ಮ ಗೇಟ್ ಗೇಟೇ ಏನಾಯ್ತು? ಆಟದಲ್ಲಿ ನಿಜ ಇರ್ಬೇಕು ಅಂತಿದ್ರಿ?"

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಇದೂ ನಿಜಾನೇ ಕಣ್ಣು. ಕಾಲೇಜ್ ರಜದಲ್ಲಿ ಅಪ್ಪ ನಂಗೆ ತರಿ ಮೇಲೆ ನೇಯೋದು ಕಲಿಸ್ತಿದ್ರು. ಒಂದು ನೂಲು ಹರಿದ್ರೂ ಬೈಯ್ಯೋರು. ನನ್ನ ಕೈಯಲ್ಲಿ ಹರೀತಾನೇ ಇರ್ಲಿಲ್ಲ. ರೊಂಬ ಜಂಬ ನಂಗೆ! ಒಂದಿನ ತಿರುಗಿ ನೋಡಿದ್ರೆ, ಹಿಂದೆ ಅಮ್ಮ ಕೂತ್ಕೊಂಡು, ನಾನು ಹರಿದಿದ್ದನ್ನೆಲ್ಲ ಸದ್ದಿಲ್ದೆ ಕಟ್ತಿದ್ಲು."

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅತ್ತೆಯ ದನಿ ಕೇಳಿತು.

"ತಂಬಿ, ಇನ್ನೊಂದು ಪಾವು ಹಾಕು. ಈ ಸಲ ನೂಲು ಹರೀಲಿ. ನಿಂಗೆ ಕಟ್ಟಿ ಕೊಟ್ಟೋಳು ನಾನು, ನಂಗೆ ಗೊತ್ತಾಗಲ್ವಾ?"

ಭಾವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನನ್ನ ಕಣ್ಣಲ್ಲೂ ಬಂತು, ಸುಳ್ಳೇಕೆ ಹೇಳಲಿ? ಭಾವ ಒಳಗೆ ಹೋಗಿ ಮೋಸವನ್ನು ತೆಗೆದುಹಾಕಿದರು. ಒದ್ದೆ ಬೆರಳನ್ನು ಪರದೆ ಒಪ್ಪುವುದನ್ನು ಮಾತ್ರ ಹಾಗೇ ಉಳಿಸಿದರು. ಅತ್ತೆ ಕನ್ನಡಕ ಏರಿಸಿ ಕೂತರು. ಲಾಳಿ ಓಡಿತು, ನೂಲು ಹರಿಯಿತು. ಅತ್ತೆ ಬೆರಳನ್ನು ನಾಲಗೆಗೆ ತಾಗಿಸಿಕೊಂಡರು, ಕೈ ನಡುಗಿತು. ಭಾವ ಹಿಂದೆ ಕೂತು ಅಮ್ಮನ ಮುಂಗೈಯನ್ನು ಮೆಲ್ಲಗೆ ಹಿಡಿದುಕೊಂಡರು. ನೂಲನ್ನು ಅತ್ತೆಯೇ ಕಟ್ಟಿದರು.